ಕುಣಿಯೋಕೆ ಗೋಡೆ ಬೇಕು: 'ಸ್ಯಾಟರ್ಡೇ ನೈಟ್ ಫೀವರ್' ಮತ್ತು ನಗರ್ತಪೇಟೆಯ ರಾತ್ರಿ

ಕೈಯಲ್ಲಿ ಪೇಂಟ್ ಡಬ್ಬ ಹಿಡಿದ ಹತ್ತೊಂಬತ್ತು ವರ್ಷದ ಹುಡುಗನೊಬ್ಬ ಫುಟ್‌ಪಾತ್ ಮೇಲೆ ತಾಳಕ್ಕೆ ಸರಿಯಾಗಿ ಹೆಜ್ಜೆ ಹಾಕುತ್ತಾ ಬರುತ್ತಾನೆ. 1977ರ ಡಿಸೆಂಬರ್‌ನಲ್ಲಿ ಬಿಡುಗಡೆಯಾದ ಅಮೆರಿಕದ ಸಿನಿಮಾ 'ಸ್ಯಾಟರ್ಡೇ ನೈಟ್ ಫೀವರ್' ಶುರುವಾಗೋದು ಹೀಗೆ. ಆ ನಡಿಗೆಯನ್ನ, ಬೀ ಜೀಸ್ ತಂಡದ ಹಾಡನ್ನ, ಆಮೇಲೆ ಬರುವ ಬಿಳಿ ಸೂಟನ್ನ ಜಗತ್ತು ನೆನಪಿಟ್ಟುಕೊಂಡಿತು. ಡಬ್ಬವನ್ನ ಮರೆತುಬಿಟ್ಟಿತು. ಅದು ಅವನ ಕೈಗೆ ಬಂದಿದ್ದು ಯಾಕೆ ಅಂದರೆ, ಅವನು ಕೆಲಸ ಮಾಡುವ ಅಂಗಡಿಯಲ್ಲಿ ಆ ಪೇಂಟ್ ಇಲ್ಲ. ಗಿರಾಕಿಯನ್ನು ಕಾಯಲು ಹೇಳಿ, ಇನ್ನೊಂದು ಅಂಗಡಿಗೆ ಹೋಗಿ, ಅಲ್ಲಿಂದ ತಂದು, ಮೇಲೊಂದಿಷ್ಟು ಇಟ್ಟು ಮಾರುತ್ತಾನೆ.

ನಗರ್ತಪೇಟೆಗೆ ಬಟ್ಟೆ ಕೊಳ್ಳೋಕೆ ಹೋದವರಿಗೆ, ಪಕ್ಕದ ಎಸ್.ಪಿ. ರೋಡಿಗೆ ಪ್ರಾಜೆಕ್ಟ್ ಸಾಮಾನು ಹುಡುಕಿಕೊಂಡು ಹೋದ ನನ್ನಂಥ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಈ ದೃಶ್ಯ ಹೊಸದೇನಲ್ಲ. "ಒಂದ್ನಿಮಿಷ ಕೂತ್ಕೊಳಿ ಸಾರ್, ಗೋಡೌನಿಂದ ತರಿಸ್ತೀನಿ" ಅಂತ ಯಜಮಾನರು ಹೇಳುತ್ತಾರೆ. ಹುಡುಗ ಓಡುತ್ತಾನೆ. ಗೋಡೌನ್ ಎಂಬುದು ಮೂರನೇ ಅಂಗಡಿ. ಆ ಹುಡುಗ ಎಲ್ಲಿಯವನು, ಅಂಗಡಿ ಬಾಗಿಲು ಹಾಕಿದ ಮೇಲೆ ಎಲ್ಲಿಗೆ ಹೋಗ್ತಾನೆ, ಶನಿವಾರ ರಾತ್ರಿ ಏನು ಮಾಡ್ತಾನೆ ಅಂತ ನಾವು ಕೇಳಿದ್ದೇ ಇಲ್ಲ.

ಕೇಳಿದರೆ ಒಂದು ರಾಜಕೀಯ ಪ್ರಶ್ನೆ ಎದುರಾಗುತ್ತೆ. ದುಡಿಯುವ ಹುಡುಗ, ಹುಡುಗಿಯರಿಗೆ ಬೆಂಗಳೂರಿನ ರಾತ್ರಿಯಲ್ಲಿ ಕುಣಿಯೋಕೆ ಜಾಗ ಎಲ್ಲಿದೆ? ನಮ್ಮ ಕಾನೂನನ್ನು ಓದಿದರೆ ಸಿಗುವ ಉತ್ತರ ವಿಚಿತ್ರವಾಗಿದೆ. ಕುಣಿತವನ್ನು ಅದು ನಿಷೇಧಿಸಿಲ್ಲ. ನಿನ್ನ ಹತ್ತಿರ ಗೋಡೆ ಇದೆಯಾ ಅಂತ ಮಾತ್ರ ಕೇಳುತ್ತೆ.

ಸೋಮವಾರದ ಬಟವಾಡೆ

ಮೊದಲು ಸಿನಿಮಾ. ನಿರ್ದೇಶಕ ಜಾನ್ ಬ್ಯಾಡಮ್. ನಾಯಕ ಟೋನಿ ಮನೆರೊ ಪಾತ್ರದಲ್ಲಿ ಜಾನ್ ಟ್ರವೋಲ್ಟಾ. ಕಥೆ ನಡೆಯೋದು ನ್ಯೂಯಾರ್ಕ್‌ನ ಬ್ರೂಕ್ಲಿನ್ ಭಾಗದ ಬೇ ರಿಡ್ಜ್‌ನಲ್ಲಿ. ಟೋನಿಯದು ಅಲ್ಲಿನ ಇಟಲಿ ಮೂಲದ ದುಡಿಯುವ ಕುಟುಂಬ. ಅಪ್ಪ ಕಟ್ಟಡ ಕೆಲಸಗಾರ, ಕೆಲಸ ಇಲ್ಲದೆ ಮನೆಯಲ್ಲಿ ಕೂತಿದ್ದಾನೆ. ಅಣ್ಣ ಪಾದ್ರಿ, ಮನೆಯ ಹೆಮ್ಮೆಯೆಲ್ಲ ಅವನದು. ಟೋನಿಗೆ ವಾರವಿಡೀ ಕೌಂಟರ್. ಶನಿವಾರ ರಾತ್ರಿ ಮಾತ್ರ '2001 ಒಡಿಸ್ಸಿ' ಎಂಬ ಡಿಸ್ಕೋದಲ್ಲಿ, ಕೆಳಗಿನಿಂದ ದೀಪ ಉರಿಯುವ ನೆಲದ ಮೇಲೆ, ಅವನೇ ರಾಜ.

ಎರಡು ಪುಟ್ಟ ದೃಶ್ಯಗಳಲ್ಲಿ ಇಡೀ ಸಿನಿಮಾ ಇದೆ. ಮೊದಲನೆಯದರಲ್ಲಿ ಟೋನಿಗೆ ರಾತ್ರಿ ಹಾಕಿಕೊಳ್ಳಲು ಹೊಸ ಶರ್ಟ್ ಬೇಕು. ಐದು ಡಾಲರ್ ಮುಂಗಡ ಕೊಟ್ಟು ಎತ್ತಿಡಿಸಿ, ಮಾಲೀಕನ ಹತ್ತಿರ ಅಡ್ವಾನ್ಸ್ ಕೇಳುತ್ತಾನೆ. ಮಾಲೀಕ ಕೊಡಲ್ಲ. ಬೇರೆ ಅಂಗಡಿಗಳಲ್ಲಿ ವಾರದ ಕೊನೆಗೆ ಬಟವಾಡೆ, ಇಲ್ಲಿ ಮಾತ್ರ ಸೋಮವಾರ. ಯಾಕೆ? ವಾರಾಂತ್ಯಕ್ಕೆ ಕೈಗೆ ದುಡ್ಡು ಬಂದರೆ ಹುಡುಗರು ಉಡಾಯಿಸಿಬಿಡ್ತಾರೆ, ಸೋಮವಾರ ಕೊಟ್ಟರೆ ನಾಲ್ಕು ಕಾಸು ಉಳಿಸ್ತಾರೆ ಅನ್ನುವುದು ಅವನ ವಾದ. ಕೆಟ್ಟ ಮನುಷ್ಯನೇನಲ್ಲ, ಅವನ ಮಾತಿನಲ್ಲಿ ಕಾಳಜಿಯೂ ಇದೆ. ಆದರೆ ವಾರವಿಡೀ ದುಡಿಸಿಕೊಂಡಿದ್ದು ಸಾಲದೆ, ಹುಡುಗನ ಶನಿವಾರವೂ ತನ್ನ ಗಲ್ಲಾಪೆಟ್ಟಿಗೆಯಲ್ಲೇ ಇರಬೇಕು ಅಂತಾನೆ. "ಸಂಬಳ ನನ್ ಹತ್ರಾನೇ ಇರ್ಲಿ, ಊರಿಗೆ ಹೋಗುವಾಗ ಒಟ್ಟಿಗೆ ಕೊಡ್ತೀನಿ" ಎಂಬ ಮಾತು ಕೇಳಿದವರಿಗೆ ಇದನ್ನು ವಿವರಿಸಬೇಕಿಲ್ಲ.

ಎರಡನೆಯದರಲ್ಲಿ ಟೋನಿಗೆ ಸಂಬಳ ನಾಲ್ಕು ಡಾಲರ್ ಏರುತ್ತೆ. ಖುಷಿಯಿಂದ ಮನೆಗೆ ಬಂದು ಹೇಳಿದರೆ, ನಾಲ್ಕು ಡಾಲರಿಗೆ ಈಗ ಮೂರು ಡಾಲರಿನ ಬೆಲೆಯೂ ಇಲ್ಲ ಅಂತ ಅಪ್ಪ ಲೇವಡಿ ಮಾಡುತ್ತಾನೆ. 1970ರ ದಶಕದ ಬೆಲೆಯೇರಿಕೆಯಲ್ಲಿ ಅಪ್ಪನ ಲೆಕ್ಕ ತಪ್ಪೇನಲ್ಲ. ಆದರೆ ಟೋನಿ ಸಿಡಿದೇಳುತ್ತಾನೆ. ನೀನು ಚೆನ್ನಾಗಿ ಮಾಡ್ತೀಯ ಅಂತ ತನಗೆ ಜೀವನದಲ್ಲಿ ಹೇಳಿರುವುದು ಎರಡೇ ಸಲ, ಒಂದು ಇವತ್ತಿನ ಈ ಏರಿಕೆಯಲ್ಲಿ, ಇನ್ನೊಂದು ಡಿಸ್ಕೋದಲ್ಲಿ ಅನ್ನುತ್ತಾನೆ. ಡಾನ್ಸ್ ಫ್ಲೋರ್ ಅವನಿಗೆ ಮೋಜಿನ ಜಾಗ ಅಷ್ಟೇ ಆಗಿಲ್ಲ. ಅವನನ್ನು ಮನುಷ್ಯ ಅಂತ ಗುರುತಿಸುವ ಒಂದೇ ಒಂದು ಜಾಗ ಅದು.

ಸಿನಿಮಾ ಟೋನಿಯನ್ನು ಹೊಗಳಿ ಕೂರಿಸಲ್ಲ. ಅವನ ಗೆಳೆಯರು ಪೋರ್ಟೊರಿಕೊ ಮೂಲದವರನ್ನು ಬೈಯುತ್ತಾರೆ, ಹೊಡೆಯಲು ಹೋಗುತ್ತಾರೆ. ಸ್ಪರ್ಧೆಯಲ್ಲಿ ಚೆನ್ನಾಗಿ ಕುಣಿದ ಪೋರ್ಟೊರಿಕೊ ಜೋಡಿಯನ್ನು ಬಿಟ್ಟು, ತಮ್ಮವನು ಅಂತ ಟೋನಿಗೇ ಮೊದಲ ಬಹುಮಾನ ಕೊಡುತ್ತಾರೆ. ಅವನು ನಾಚಿ ಆ ಬಹುಮಾನವನ್ನು ಆ ಜೋಡಿಯ ಕೈಗಿಡುತ್ತಾನೆ. ಅದೇ ರಾತ್ರಿ, ಜೊತೆಗೆ ಕುಣಿದ ಸ್ಟೆಫನಿಯ ಮೇಲೆ ಕಾರಿನಲ್ಲಿ ಬಲಾತ್ಕಾರಕ್ಕೆ ಯತ್ನಿಸುತ್ತಾನೆ. ಅವನ ಹಿಂದೆ ಬಿದ್ದ ಆನೆಟ್ ಮೇಲೆ ಅವನ ಗೆಳೆಯರು ಅತ್ಯಾಚಾರ ಮಾಡುವಾಗ ಕಾರಿನ ಮುಂದಿನ ಸೀಟಿನಲ್ಲಿ ಕೂತಿರುತ್ತಾನೆ. ಒಬ್ಬ ಗೆಳೆಯ ಸೇತುವೆಯಿಂದ ಬಿದ್ದು ಸಾಯುತ್ತಾನೆ. ಕುಣಿತ ಗಂಡಸರಿಗೆ ಕೊಟ್ಟ ಬಿಡುಗಡೆಯ ಬೆಲೆಯನ್ನು ಹೆಣ್ಣುಮಕ್ಕಳು ತೆತ್ತರು ಎಂಬುದನ್ನು ಸಿನಿಮಾ ತೋರಿಸುತ್ತೆ, ಆದರೆ ಅವರ ಕಡೆಯಿಂದ ನಿಂತು ನೋಡಲ್ಲ. ಈ ಕೊರತೆಯನ್ನು ನೆನಪಿಟ್ಟುಕೊಳ್ಳಿ. ಬೆಂಗಳೂರಿಗೆ ಬಂದಾಗ ಬೇಕಾಗುತ್ತೆ.

ಕಾರಿನಿಂದ ಇಳಿಯದ ವರದಿಗಾರ

ಈ ಸಿನಿಮಾದ ಮೂಲ ಒಂದು ಪತ್ರಿಕಾ ವರದಿ. 1976ರ ಜೂನ್‌ನಲ್ಲಿ 'ನ್ಯೂಯಾರ್ಕ್' ಪತ್ರಿಕೆಯಲ್ಲಿ ನಿಕ್ ಕೋನ್ ಎಂಬ ಬ್ರಿಟಿಷ್ ಬರಹಗಾರ ಬ್ರೂಕ್ಲಿನ್ ಹುಡುಗರ ಶನಿವಾರದ ರಾತ್ರಿಗಳ ಬಗ್ಗೆ ಬರೆದ. ಎಲ್ಲವೂ ನಡೆದದ್ದೇ ಎಂದು ಓದುಗರು ನಂಬಿದರು. ಸುಮಾರು ಇಪ್ಪತ್ತು ವರ್ಷ ಬಿಟ್ಟು, ಅದು ಬಹುಪಾಲು ಕಟ್ಟುಕಥೆ ಅಂತ ಅವನೇ ಒಪ್ಪಿಕೊಂಡ. ಅವನು ಹೇಳಿದ ಪ್ರಕಾರ, ಡಿಸ್ಕೋ ಮುಂದೆ ಕಾರಿನ ಬಾಗಿಲು ತೆಗೆದಾಗ ಹೊರಗೆ ಹೊಡೆದಾಡುತ್ತಿದ್ದವನೊಬ್ಬ ಅವನ ಪ್ಯಾಂಟಿನ ಮೇಲೆ ವಾಂತಿ ಮಾಡಿದ. ಬಾಗಿಲು ಹಾಕಿಕೊಂಡು ವಾಪಸ್ ಹೋದ. ಕಥಾನಾಯಕನನ್ನು ಲಂಡನ್ನಿನಲ್ಲಿ ತಾನು ಹಿಂದೆ ಕಂಡಿದ್ದ ಒಬ್ಬ ಹುಡುಗನ ಮೇಲೆ ಕಡೆದ.

ದುಡಿಯುವ ಹುಡುಗರ ಬಗ್ಗೆ ಬರೆಯುವವರಲ್ಲಿ ಎಷ್ಟು ಜನ ಕಾರಿನಿಂದ ಇಳೀತಾರೆ ಎಂಬ ಪ್ರಶ್ನೆ ಹಳತಾಗಿಲ್ಲ. 'ಪೇಟೆಯ ಸೊಗಡು' ಅಂತ ನಾವು ಬರೆಯುವ ಫೀಚರ್‌ಗಳಲ್ಲಿ ಗಲ್ಲಿ ಇರುತ್ತೆ, ದೋಸೆ ಇರುತ್ತೆ, ನೂರು ವರ್ಷದ ಅಂಗಡಿ ಇರುತ್ತೆ. ಮೇಲಿನ ಮಹಡಿಯಲ್ಲಿ ಬೆನ್ನು ಬಾಗಿಸಿ ಚಿನ್ನದ ಕೆಲಸ ಮಾಡುವ ಬಂಗಾಳದ ಹುಡುಗ ಇರಲ್ಲ. 2025ರ ಆಗಸ್ಟ್‌ನಲ್ಲಿ ನಗರ್ತಪೇಟೆಯ ಕಟ್ಟಡವೊಂದಕ್ಕೆ ಬೆಂಕಿ ಬಿದ್ದು ಮಕ್ಕಳೂ ಸೇರಿ ಐವರು ಸತ್ತರು. ಕೆಳಗೆ ವ್ಯಾಪಾರ, ಮೇಲೆ ವಾಸ. ಇಲ್ಲಿ ಕೆಲಸದ ಜಾಗ ಮತ್ತು ಮಲಗುವ ಜಾಗದ ನಡುವೆ ಎಷ್ಟೋ ಜನರಿಗೆ ಒಂದು ಮೆಟ್ಟಿಲಿನಷ್ಟೇ ದೂರ ಅಂತ ಉಳಿದ ಊರಿಗೆ ಗೊತ್ತಾಗಿದ್ದು ಆಗ.

ಕೋನ್ ಬಿಟ್ಟಿದ್ದು ಇನ್ನೊಂದಿದೆ. ಡಿಸ್ಕೋ ಹುಟ್ಟಿದ್ದು ಬೇ ರಿಡ್ಜ್‌ನಲ್ಲಲ್ಲ. ನ್ಯೂಯಾರ್ಕ್‌ನ ಕಪ್ಪು ಜನ, ಲ್ಯಾಟಿನೊ ಜನ, ಸಲಿಂಗಿ ಗಂಡಸರು ಬೇರೆಲ್ಲೂ ನೆಮ್ಮದಿಯಾಗಿ ಕುಣಿಯಲಾಗದೆ ಕಟ್ಟಿಕೊಂಡ ಜಾಗಗಳಲ್ಲಿ ಅದು ಬೆಳೆಯಿತು. ಸಿನಿಮಾ ಅದನ್ನು ಬಿಳಿಯ ಹುಡುಗನ ಕಥೆಯಾಗಿಸಿ ಮನೆಮನೆಗೆ ತಲುಪಿಸಿತು. ಹಾಡುಗಳ ಆಲ್ಬಂ ಬಿಲ್‌ಬೋರ್ಡ್ ಪಟ್ಟಿಯ ತುದಿಯಲ್ಲಿ 24 ವಾರ ಕೂತಿತು. ಎರಡು ವರ್ಷವೂ ಆಗಿರಲಿಲ್ಲ, 1979ರ ಜುಲೈ 12ರಂದು ಶಿಕಾಗೋದ ಬೇಸ್‌ಬಾಲ್ ಮೈದಾನದಲ್ಲಿ ಡಿಸ್ಕೋ ರೆಕಾರ್ಡುಗಳನ್ನು ಪೆಟ್ಟಿಗೆಗೆ ತುಂಬಿ ಸಿಡಿಸಿ ಸಂಭ್ರಮಿಸಿದರು. ಆ ಸಿಟ್ಟು ಸಂಗೀತದ ಮೇಲಿನದ್ದಷ್ಟೇ ಅಲ್ಲ, ಅದನ್ನು ಹುಟ್ಟಿಸಿದ ಜನರ ಮೇಲಿನದ್ದೂ ಹೌದು ಅಂತ ಅನೇಕರು ಓದಿದ್ದಾರೆ.

ನಮ್ಮ ಡಿಸ್ಕೋ ಹೀರೊಗೆ ಬಟವಾಡೆ ಇಲ್ಲ

ಭಾರತಕ್ಕೆ ಬಂದಾಗ ಡಿಸ್ಕೋ ಬೇರೆ ದಾರಿ ಹಿಡಿಯಿತು. 1982ರ 'ಡಿಸ್ಕೋ ಡ್ಯಾನ್ಸರ್'ನಲ್ಲಿ ಮಿಥುನ್ ಚಕ್ರವರ್ತಿ ಬೀದಿಯಲ್ಲಿ ಹಾಡಿ ಬದುಕುವ ಬಡ ಹುಡುಗ. ಅಂದರೆ ಟೋನಿಗೆ ಹತ್ತಿರದವನೇ. ಆದರೆ ಅವನ ಸಿಟ್ಟು ತಾಯಿಗೆ ಅವಮಾನ ಮಾಡಿದ ಒಬ್ಬ ಶ್ರೀಮಂತನ ಮೇಲೆ. ವ್ಯವಸ್ಥೆ ಹೋಗಿ ವಿಲನ್ ಬಂದ. ಸೇಡು ತೀರಿತು, ಕಥೆ ಮುಗಿಯಿತು.

ಕನ್ನಡದಲ್ಲಿ 1987ರ 'ಪ್ರೇಮಲೋಕ' ಬಂತು. ಹಾಲಿವುಡ್ಡಿನ 'ಗ್ರೀಸ್ 2' ಚಿತ್ರದಿಂದ ಎಳೆ ಪಡೆದ ಸಿನಿಮಾ. ರವಿಚಂದ್ರನ್ ಮತ್ತು ಹಂಸಲೇಖ ಸೇರಿ ಕನ್ನಡದ ಕುಣಿತಕ್ಕೆ ಹೊಸ ಮೈ ಕೊಟ್ಟರು. ಆದರೆ ಅದರ ಲೋಕ ಕಾಲೇಜು, ಬೈಕು, ಪ್ರೀತಿ. ಸಂಬಳದ ದಿನ ಯಾವುದು ಅಂತ ಅಲ್ಲಿ ಯಾರೂ ಕೇಳಲ್ಲ. ಅದಕ್ಕೂ ಮೊದಲು ಶಂಕರ್‌ನಾಗ್ 'ಆಟೋ ರಾಜ'ದಲ್ಲಿ (1980) ಆಟೋ ಓಡಿಸಿದರು, ಮರುವರ್ಷ 'ಗೀತಾ'ದಲ್ಲಿ ಇಳಯರಾಜ ಸಂಗೀತಕ್ಕೆ ಕುಣಿದರು. ಮೊದಲ ಸಿನಿಮಾದಿಂದ ಅವರ ಚಿತ್ರ ಆಟೋಗಳ ಮೇಲೆ ಕೂತಿತು, ಎರಡನೆಯದರ ಹಾಡು ಗಣೇಶನ ಪೆಂಡಾಲಿನ ಆರ್ಕೆಸ್ಟ್ರಾಗಳಿಗೆ ಖಾಯಂ ಆಯಿತು. ಖಾಕಿ ಷರ್ಟ್ ಮತ್ತು ಡಾನ್ಸ್ ಫ್ಲೋರ್ ಒಂದೇ ಕಥೆಯಲ್ಲಿ ಸೇರಲಿಲ್ಲ. ಪರದೆಯ ಮೇಲೆ ಸೇರದ್ದು ಊರಿನಲ್ಲೂ ಸೇರಲಿಲ್ಲ. ಅದಕ್ಕೆ ಕಾರಣ ಕಾನೂನಿನಲ್ಲಿ ಸಿಗುತ್ತೆ.

ಲೈಸೆನ್ಸಿನ ಫ್ಲೋಚಾರ್ಟ್

ಬೆಂಗಳೂರಿನಲ್ಲಿ ನೀವು ನಾಲ್ಕು ಜನಕ್ಕೆ ಕುಣಿಯಲು ಜಾಗ ಮಾಡಿಕೊಡಬೇಕು ಅಂದುಕೊಳ್ಳಿ. ನನ್ನ ಹಳೇ ಚಟದಂತೆ ಇದನ್ನು ಫ್ಲೋಚಾರ್ಟ್ ಮಾಡೋಣ.

ಮೊದಲ ಪ್ರಶ್ನೆ: ಲೈಸೆನ್ಸ್ ಇದೆಯಾ? ಕರ್ನಾಟಕ ಪೊಲೀಸ್ ಕಾಯ್ದೆ, 1963ರ 31ನೇ ಸೆಕ್ಷನ್ ಸಾರ್ವಜನಿಕ ಮನರಂಜನೆಯ ಜಾಗಗಳನ್ನು ನಿಯಂತ್ರಿಸುವ ಅಧಿಕಾರವನ್ನು ಪೊಲೀಸ್ ಕಮಿಷನರ್‌ಗೆ ಕೊಡುತ್ತೆ. ಅದರಡಿ 2005ರಲ್ಲಿ ಬೆಂಗಳೂರಿಗೆ ಒಂದು ಆದೇಶ ಬಂತು. ಲೈವ್ ಬ್ಯಾಂಡ್, ಕ್ಯಾಬರೆ, ಡಿಸ್ಕೋತೆಕ್ ನಡೆಸುವವರು ಪೊಲೀಸ್ ಲೈಸೆನ್ಸ್ ಪಡೆಯಲೇಬೇಕು. 2008ರಲ್ಲಿ ಪೊಲೀಸರು ಇದನ್ನು ಬಿಗಿಯಾಗಿ ಹಿಡಿದಾಗ ಪಬ್‌ಗಳಲ್ಲಿ ಕುಣಿತ ನಿಂತಿತು, ಯುವಕರು ಬೀದಿಗಿಳಿದು ಪ್ರತಿಭಟಿಸಿದರು. ಲೈವ್ ಬ್ಯಾಂಡ್ ರೆಸ್ಟೋರೆಂಟ್ ಮಾಲೀಕರ ಸಂಘ ಆದೇಶವನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 2018ರ ಜನವರಿ 25ರಂದು ಕೋರ್ಟ್ ಆದೇಶವನ್ನು ಎತ್ತಿಹಿಡಿಯಿತು.

ಎರಡನೇ ಪ್ರಶ್ನೆ: ಕಟ್ಟಡದ ಕಾಗದ ಇದೆಯಾ? ತೀರ್ಪಿನ ನಂತರ ಪೊಲೀಸರು ಲೈಸೆನ್ಸ್ ಕೇಳಲು ಶುರು ಮಾಡಿದಾಗ, ಸ್ವಾಧೀನ ಪ್ರಮಾಣಪತ್ರ, ಅಂದರೆ ಓಸಿ ಇಲ್ಲದೆ, ಅಗ್ನಿಶಾಮಕ ಇಲಾಖೆಯ ಒಪ್ಪಿಗೆ ಇಲ್ಲದೆ ಹಲವು ಕಡೆ ಲೈವ್ ಸಂಗೀತ ನಿಂತಿತು. ಚರ್ಚ್ ಸ್ಟ್ರೀಟ್, ಇಂದಿರಾನಗರದ ದುಡ್ಡಿದ್ದವರೇ ಪರದಾಡಿದರು. ಈಗ ಪೇಟೆಗೆ ಬನ್ನಿ. ಎರಡು ಆಟೋ ಎದುರಾದರೆ ಒಂದು ಹಿಂದೆ ಸರಿಯಬೇಕಾದ ಗಲ್ಲಿಯಲ್ಲಿ, ಓಸಿ ಎಂಬ ಪದ ಹುಟ್ಟುವ ಮೊದಲೇ ಎದ್ದ ಕಟ್ಟಡದ ಎರಡನೇ ಮಹಡಿಯಲ್ಲಿ ಯಾರು ಯಾವ ಕಾಗದ ತರ್ತಾರೆ?

ಮೂರನೇ ಪ್ರಶ್ನೆ: ಗೋಡೆ ಇದೆಯಾ? ಶಬ್ದ ಮಾಲಿನ್ಯ ನಿಯಮಗಳು, 2000ರ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಬಳಸುವಂತಿಲ್ಲ. ಇಲ್ಲಿಗೆ ಸಂಬಂಧಪಟ್ಟ ವಿನಾಯಿತಿ ಎರಡು. ಸಭಾಂಗಣ, ಸಮುದಾಯ ಭವನ, ಔತಣಕೂಟದ ಹಾಲ್ ಥರದ ಮುಚ್ಚಿದ ಜಾಗದ ಒಳಗೆ ಬಳಸಬಹುದು. ಇಲ್ಲವೇ, ಸಾಂಸ್ಕೃತಿಕ ಅಥವಾ ಧಾರ್ಮಿಕ ಉತ್ಸವಕ್ಕೆ ರಾಜ್ಯ ಸರ್ಕಾರ ವರ್ಷಕ್ಕೆ ಒಟ್ಟು 15 ದಿನ ಮೀರದಂತೆ ಮಧ್ಯರಾತ್ರಿ 12ರವರೆಗೆ ಅನುಮತಿ ಕೊಡಬಹುದು.

ಮೂರನ್ನೂ ಒಟ್ಟಿಗೆ ಇಟ್ಟು ಓದಿ. ಸೌಂಡ್‌ಪ್ರೂಫ್ ಗೋಡೆ, ಓಸಿ, ಲೈಸೆನ್ಸ್ ಇರುವವನ ಬಾಗಿಲಲ್ಲಿ ಕವರ್ ಚಾರ್ಜ್ ಕೊಡುವವರಿಗೆ ರಾತ್ರಿ ಇದೆ. ಕೊಡಲಾಗದವರಿಗೆ ಬೀದಿ, ತಮಟೆ, ಪೆಂಡಾಲ್. ಅದೂ ದೇವರೋ ರಾಜ್ಯೋತ್ಸವವೋ ನೆಪಕ್ಕೆ ಬೇಕು. ದುಡಿಯುವ ಹುಡುಗ ಸುಮ್ಮನೆ, ಶನಿವಾರ ಅನ್ನುವ ಒಂದೇ ಕಾರಣಕ್ಕೆ ಕುಣಿಯಬೇಕೆಂದರೆ ಆ ಚಾರ್ಟ್‌ನಲ್ಲಿ ಅವನಿಗೆ ಬಾಣದ ಗುರುತೇ ಇಲ್ಲ.

ಹಾಗಂತ ಲೈಸೆನ್ಸ್ ಎಲ್ಲ ಸುಳ್ಳು ಅಂತ ಹೇಳುತ್ತಿಲ್ಲ. 2018ರ ಜನವರಿ 8ರ ನಸುಕಿನಲ್ಲಿ, ಪೇಟೆಗೆ ಹತ್ತಿರದಲ್ಲೇ, ಕೆ.ಆರ್. ಮಾರುಕಟ್ಟೆ ಬಳಿಯ ಕುಂಬಾರ ಸಂಘದ ಕಟ್ಟಡದ ಬಾರ್‌ಗೆ ಬೆಂಕಿ ಬಿದ್ದು ಒಳಗೆ ಮಲಗಿದ್ದ ಐವರು ಕೆಲಸಗಾರರು ಸತ್ತರು. ಅದಕ್ಕೆ ಹತ್ತೇ ದಿನ ಮೊದಲು ಮುಂಬೈನ ಕಮಲಾ ಮಿಲ್ಸ್ ಬೆಂಕಿಯಲ್ಲಿ 14 ಜನ ಹೋಗಿದ್ದರು. ತುರ್ತು ಬಾಗಿಲು, ಒಳಗೆ ಎಷ್ಟು ಜನ ಇರಬಹುದು ಎಂಬ ಮಿತಿ, ವೈರಿಂಗ್ ತಪಾಸಣೆ, ಇವೆಲ್ಲ ಜೀವದ ಪ್ರಶ್ನೆ. ಸದ್ದಿನ ದೂರೂ ನಿಜವೇ. ಇಂದಿರಾನಗರದ ನಿವಾಸಿಗಳು ವರ್ಷಗಳಿಂದ ಪಬ್ ಸದ್ದಿನ ವಿರುದ್ಧ ಹೋರಾಡುತ್ತಿದ್ದಾರೆ, ನಿದ್ದೆಯೂ ಹಕ್ಕೇ. ನನ್ನ ತಕರಾರು ಇಷ್ಟೇ: ಬೆಂಕಿಯ ಪ್ರಶ್ನೆ, ಸದ್ದಿನ ಪ್ರಶ್ನೆ ಮತ್ತು ನೈತಿಕತೆಯ ಪ್ರಶ್ನೆಯನ್ನು ಒಂದೇ ಕಾಗದಕ್ಕೆ ಸುತ್ತಿ ಪೊಲೀಸರ ಕೈಗೆ ಕೊಟ್ಟಿದ್ದೇವೆ. ಬೆಂಕಿಗೆ ಬೇಕಾದ ಕಠಿಣ ನಿಯಮವನ್ನು ಕುಣಿತಕ್ಕೂ ಹಾಕಿದರೆ ಬೆಂಕಿ ನಿಲ್ಲಲ್ಲ, ಕುಣಿತ ನಿಲ್ಲುತ್ತೆ.

ನ್ಯೂಯಾರ್ಕ್‌ನಲ್ಲೂ ಇಂಥದ್ದೇ ಒಂದು ಕಾನೂನಿತ್ತು ಎಂಬುದು ಈ ಕಥೆಯ ತಮಾಷೆ. 1926ರ ಕ್ಯಾಬರೆ ಕಾನೂನಿನ ಪ್ರಕಾರ ಊಟ, ಕುಡಿತ ಕೊಡುವ ಜಾಗದಲ್ಲಿ ಜನ ಕುಣಿಯಬೇಕೆಂದರೆ ಪ್ರತ್ಯೇಕ ಲೈಸೆನ್ಸ್ ಬೇಕಿತ್ತು. ಅದರ ಕಣ್ಣಿದ್ದದ್ದು ಹಾರ್ಲೆಮ್‌ನ ಕಪ್ಪು ಜನರ ಜಾಝ್ ಕ್ಲಬ್‌ಗಳ ಮೇಲೆ ಅಂತ ಟೀಕಾಕಾರರು ಹೇಳುತ್ತಲೇ ಬಂದರು. 2017ರ ನವೆಂಬರ್‌ನಲ್ಲಿ ಅದನ್ನು ರದ್ದು ಮಾಡಿದರು. ಆಗ ನಗರದ ಸುಮಾರು 25,000 ಬಾರು, ಹೋಟೆಲುಗಳಲ್ಲಿ ಲೈಸೆನ್ಸ್ ಇದ್ದದ್ದು 97ಕ್ಕೆ ಮಾತ್ರ. ರದ್ದು ಮಾಡುವಾಗ ಸುರಕ್ಷತೆಯ ನಿಯಮಗಳನ್ನು ಉಳಿಸಿಕೊಂಡರು, ಕುಣಿತದ ಲೈಸೆನ್ಸನ್ನು ಬಿಟ್ಟರು. ಟೋನಿಯ ಊರು ಆ ಕಾಗದವನ್ನು ಕಸದ ಬುಟ್ಟಿಗೆ ಹಾಕಿದ ಎರಡು ತಿಂಗಳಿಗೆ ನಮ್ಮೂರಿನ ಕಾಗದಕ್ಕೆ ಸುಪ್ರೀಂ ಕೋರ್ಟಿನ ಮುದ್ರೆ ಬಿತ್ತು.

ಸ್ಟಾರ್ ಇದ್ದರೆ ಸಂಸ್ಕೃತಿ

ಈ ವರ್ಗಭೇದವನ್ನು ಕಾನೂನಿನ ಭಾಷೆಯಲ್ಲೇ ಬರೆದದ್ದು ಮಹಾರಾಷ್ಟ್ರ. 2005ರಲ್ಲಿ ಅಲ್ಲಿನ ಸರ್ಕಾರ ಡಾನ್ಸ್ ಬಾರ್‌ಗಳನ್ನು ನಿಷೇಧಿಸಿತು. ಆದರೆ ಮೂರು ಸ್ಟಾರ್ ಮತ್ತು ಮೇಲ್ಪಟ್ಟ ಹೋಟೆಲುಗಳಿಗೆ, ಕ್ಲಬ್ಬುಗಳಿಗೆ ವಿನಾಯಿತಿ ಕೊಟ್ಟಿತು. ಅದೇ ಕುಣಿತ ಬಿಯರ್ ಬಾರ್‌ನಲ್ಲಾದರೆ ಅಶ್ಲೀಲ, ಸ್ಟಾರ್ ಹೋಟೆಲಿನಲ್ಲಾದರೆ ಮನರಂಜನೆ. ಬಾಂಬೆ ಹೈಕೋರ್ಟ್ 2006ರಲ್ಲಿ ಇದನ್ನು ರದ್ದು ಮಾಡಿತು, 2013ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ಒಪ್ಪಿತು. ಶ್ರೀಮಂತ ಗಿರಾಕಿಯ ನೈತಿಕತೆ ಗಟ್ಟಿ, ಬಡ ಗಿರಾಕಿಯದ್ದು ಸಡಿಲ ಎಂಬ ಊಹೆಯನ್ನು ಕೋರ್ಟ್ ಒಪ್ಪಲಿಲ್ಲ. ನಿಷೇಧದಿಂದ ಸುಮಾರು 75,000 ಹೆಣ್ಣುಮಕ್ಕಳ ಜೀವನೋಪಾಯ ಹೋಯಿತು ಎಂಬ ಅಂಶ ಆ ಪ್ರಕರಣದಲ್ಲಿ ಚರ್ಚೆಯಾಗಿತ್ತು.

ಸಿನಿಮಾ ನೋಡದೆ ಬಿಟ್ಟ ಹೆಣ್ಣುಮಕ್ಕಳು ಇಲ್ಲಿ ವಾಪಸ್ ಬರುತ್ತಾರೆ. ಕುಣಿತದ ಜಾಗ ಅವರಿಗೆ ಕೆಲಸದ ಜಾಗವೂ ಹೌದು, ಬಿಡುವಿನ ಜಾಗವೂ ಹೌದು, ಎರಡೂ ಕಡೆ ಮೊದಲ ಪೆಟ್ಟು ಅವರಿಗೇ. 2009ರ ಜನವರಿ 24ರಂದು ಮಂಗಳೂರಿನ ಪಬ್ ಒಂದಕ್ಕೆ ಶ್ರೀರಾಮ ಸೇನೆಯವರು ನುಗ್ಗಿ ಹುಡುಗಿಯರನ್ನು ಹೊಡೆದಿದ್ದು ಕ್ಯಾಮೆರಾ ಮುಂದೆಯೇ. ದೇಶವೆಲ್ಲ ಅದನ್ನು ನೋಡಿತು. 2018ರ ಮಾರ್ಚ್‌ನಲ್ಲಿ ಮಂಗಳೂರಿನ ಕೋರ್ಟ್ ಆರೋಪಿಗಳನ್ನು ಖುಲಾಸೆ ಮಾಡಿತು. ಸುರಕ್ಷತೆಯ ಹೆಸರಿನಲ್ಲಿ ರಾತ್ರಿಯನ್ನು ಮುಚ್ಚುವವರು ಒಂದು ಲೆಕ್ಕ ಮರೆಯುತ್ತಾರೆ. ರಾತ್ರಿ ಬೀದಿಯಲ್ಲಿ ಜನ ಕಡಿಮೆಯಾದಷ್ಟೂ, ದೀಪ ಕಡಿಮೆಯಾದಷ್ಟೂ, ಬಸ್ ಕಡಿಮೆಯಾದಷ್ಟೂ ಹೆಣ್ಣುಮಕ್ಕಳಿಗೆ ಅಪಾಯವೇ ಹೆಚ್ಚು.

ಪೇಟೆಗೆ ರಾತ್ರಿ ತೆರೆಯೋದು ಗೊತ್ತು

ಇಷ್ಟೆಲ್ಲ ಹೇಳುವಾಗ, ನಗರ್ತಪೇಟೆಗೆ ರಾತ್ರಿ ಎಂದರೇನು ಅಂತ ಗೊತ್ತಿಲ್ಲ ಅಂದುಕೊಳ್ಳಬೇಡಿ. ಧರ್ಮರಾಯಸ್ವಾಮಿ ದೇವಸ್ಥಾನ ಇರುವುದು ಇಲ್ಲೇ. ಚೈತ್ರ ಹುಣ್ಣಿಮೆಯ ನಡುರಾತ್ರಿ ದಾಟಿದ ಮೇಲೆ ಹೂವಿನ ಕರಗ ಹೊರಬೀಳುತ್ತೆ. ತಿಗಳ ಸಮುದಾಯದ ಗಂಡಸು ಹೆಣ್ಣುಡುಗೆ ತೊಟ್ಟು, ತಲೆಯ ಮೇಲಿನ ಕರಗವನ್ನು ಕೈಯಲ್ಲಿ ಮುಟ್ಟದೆ, ಕತ್ತಿ ಹಿಡಿದ ವೀರಕುಮಾರರ ನಡುವೆ ಹೆಜ್ಜೆ ಹಾಕುತ್ತಾ ಪೇಟೆ ಬೀದಿಗಳನ್ನು ಸುತ್ತುತ್ತಾನೆ. ಮಸ್ತಾನ್ ಸಾಹೇಬರ ದರ್ಗಾಕ್ಕೂ ಹೋಗಿ ಬರುತ್ತಾನೆ. ಬೆಳಗಾಗುವವರೆಗೆ ಪೇಟೆ ಮಲಗಲ್ಲ.

ಕರಗ ಡಿಸ್ಕೋ ಅಲ್ಲ. ಅದು ವ್ರತ, ಹರಕೆ, ತೋಟಗಾರಿಕೆ ಮಾಡಿ ಬದುಕಿದ ಒಂದು ದುಡಿಯುವ ಸಮುದಾಯದ ಹೆಮ್ಮೆ. ಎರಡನ್ನೂ ತೂಗಿ ನೋಡುವುದು ನನ್ನ ಉದ್ದೇಶವಲ್ಲ. ಆದರೆ ಆಡಳಿತದ ಕಣ್ಣಿನಿಂದ ಆ ಒಂದು ರಾತ್ರಿಯನ್ನು ನೋಡಿ. ಕಿರಿದಾದ ಗಲ್ಲಿಗಳಲ್ಲಿ ಲಕ್ಷಾಂತರ ಜನ, ಅಜ್ಜಿಯರು, ಕೈಗೂಸು ಎತ್ತಿಕೊಂಡ ತಾಯಂದಿರು, ಎಲ್ಲ ಧರ್ಮದವರು. ದೀಪ ಇರುತ್ತೆ, ಪೊಲೀಸರು ಇರ್ತಾರೆ, ನೀರು, ಮಜ್ಜಿಗೆ, ಪಾನಕ ಇರುತ್ತೆ. ದುಡಿಯುವ ಜನರಿಗಾಗಿ ಒಂದಿಡೀ ರಾತ್ರಿಯನ್ನು ತೆರೆದಿಡುವುದು ಈ ಊರಿಗೆ ಬರುತ್ತೆ. ಮಾಡಬೇಕು ಅನ್ನಿಸಬೇಕು ಅಷ್ಟೇ.

ಉಳಿದ ದಿನಗಳಲ್ಲಿ ಸದ್ದು ಇಲ್ಲಿ ಬೇರೆಯದೇ ರಾಜಕೀಯ. 2024ರ ಮಾರ್ಚ್‌ನಲ್ಲಿ ನಗರ್ತಪೇಟೆಯ ಅಂಗಡಿಯೊಂದರಲ್ಲಿ ಹಾಡು ಹಾಕಿದ ವಿಷಯಕ್ಕೆ ಅಂಗಡಿಯವರ ಮೇಲೆ ಹಲ್ಲೆ ನಡೆಯಿತು. ಹಲ್ಲೆ ತಪ್ಪು, ಎರಡು ಮಾತಿಲ್ಲ. ಆದರೆ ಕೆಲವೇ ದಿನಗಳಲ್ಲಿ ಅದು ಲೋಕಸಭಾ ಚುನಾವಣೆಯ ಸರಕಾಯಿತು, ನಾಯಕರು ಸಾಲುಗಟ್ಟಿ ಬಂದರು. ಪೇಟೆಯ ಸ್ಪೀಕರ್‌ನಿಂದ ಯಾವ ಧರ್ಮದ ಸದ್ದು ಬರುತ್ತೆ ಅಂತ ಕೇಳಲು ಬಂದವರಲ್ಲಿ, ಆ ಬೀದಿಯ ಹುಡುಗರಿಗೆ ದಿನಕ್ಕೆ ಎಷ್ಟು ಗಂಟೆ ಕೆಲಸ ಅಂತ ಯಾರೂ ಕೇಳಲಿಲ್ಲ.

ಶನಿವಾರವೇ ಇಲ್ಲದವರು

ಅದನ್ನೇ ಕೇಳೋಣ. ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರ ಪ್ರಕಾರ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಕೆಲಸ, ವಾರಕ್ಕೊಂದು ಸಂಬಳಸಹಿತ ರಜೆ. ಬೆಳಗ್ಗೆ ಶಟರ್ ಎತ್ತಿ ರಾತ್ರಿ ಇಳಿಸುವ ಹುಡುಗನಿಗೆ ಈ ಲೆಕ್ಕ ಹೇಳಿದರೆ ನಗುತ್ತಾನೆ. ಕಾಗದದ ಮೇಲಿನ ಗಂಟೆಗಳನ್ನೂ ಹಿಗ್ಗಿಸುವ ಪ್ರಯತ್ನ ನಡೆದೇ ಇದೆ. 2024ರಲ್ಲಿ ಐಟಿ ವಲಯಕ್ಕೆ ದಿನಕ್ಕೆ 14 ಗಂಟೆಯವರೆಗಿನ ಪ್ರಸ್ತಾಪ ಬಂತು, 2025ರಲ್ಲಿ ದಿನದ ಮಿತಿಯನ್ನು 9ರಿಂದ 10 ಗಂಟೆಗೆ ಏರಿಸುವ ಪ್ರಸ್ತಾಪ ಬಂತು, ಕಾರ್ಮಿಕ ಸಂಘಟನೆಗಳು ಎರಡನ್ನೂ ವಿರೋಧಿಸಿದವು. ಲ್ಯಾಪ್‌ಟಾಪ್ ಮುಂದೆ ಕೂತ ನೀವೂ, ಪೇಟೆಯ ಆ ಹುಡುಗನೂ ಒಂದೇ ಕಡೆ ನಿಂತಿರುವ ಅಪರೂಪದ ಪ್ರಶ್ನೆ ಇದು.

ಇನ್ನೊಂದು ಕಡೆ ರಾತ್ರಿ ತೆರೆದುಕೊಳ್ಳುತ್ತಲೇ ಇದೆ. 2014ರ ಮಾರ್ಚ್‌ನಲ್ಲಿ ಬಾರು, ಹೋಟೆಲುಗಳಿಗೆ ವಾರಾಂತ್ಯದಲ್ಲಿ ರಾತ್ರಿ 1ರವರೆಗೆ ಅನುಮತಿ ಸಿಕ್ಕಿತು. 2021ರ ಜನವರಿಯಲ್ಲಿ ಹತ್ತು ಅಥವಾ ಹೆಚ್ಚು ಕೆಲಸಗಾರರಿರುವ ಅಂಗಡಿಗಳು ದಿನದ 24 ಗಂಟೆಯೂ ತೆರೆದಿರಬಹುದು ಎಂಬ ಅಧಿಸೂಚನೆ ಬಂತು. ಅಂದರೆ ರಾತ್ರಿಯಲ್ಲಿ ಮಾರಬಹುದು, ಕೊಳ್ಳಬಹುದು, ದುಡಿಯಬಹುದು. ದುಡಿದವರು ಬಿಡುವು ಮಾಡಿಕೊಂಡು ಎಲ್ಲಿಗೆ ಹೋಗಬೇಕು ಎಂಬುದರ ಬಗ್ಗೆ ಅಧಿಸೂಚನೆ ಇಲ್ಲ.

ಹೋದರೂ ವಾಪಸ್ ಬರೋದು ಹೇಗೆ? 'ಸ್ಯಾಟರ್ಡೇ ನೈಟ್ ಫೀವರ್'ನ ಕೊನೆಯಲ್ಲಿ, ಗೆಳೆಯ ಸತ್ತ ಮೇಲೆ, ಟೋನಿ ಇಡೀ ರಾತ್ರಿ ಸಬ್‌ವೇ ರೈಲಿನಲ್ಲಿ ಕೂತಿರುತ್ತಾನೆ. ಬೆಳಗಾಗುವಾಗ ಮ್ಯಾನ್‌ಹ್ಯಾಟನ್‌ನಲ್ಲಿ ಇಳಿದು ಸ್ಟೆಫನಿಯ ಬಾಗಿಲು ತಟ್ಟಿ ಕ್ಷಮೆ ಕೇಳುತ್ತಾನೆ, ಬೇರೆ ಬದುಕಿನ ಮಾತಾಡುತ್ತಾನೆ. ಆ ದೃಶ್ಯ ಸಾಧ್ಯವಾಗಿದ್ದು ನ್ಯೂಯಾರ್ಕ್ ಸಬ್‌ವೇ ರಾತ್ರಿಯಿಡೀ ಓಡುವುದರಿಂದ. ನಗರ್ತಪೇಟೆಗೆ ನಡೆದುಹೋಗುವ ದೂರದಲ್ಲಿ ಚಿಕ್ಕಪೇಟೆ ಮೆಟ್ರೊ ಸ್ಟೇಷನ್ 2017ರಿಂದ ಇದೆ. ಆದರೆ ಕೊನೆಯ ರೈಲು ರಾತ್ರಿ ಹನ್ನೊಂದರ ಆಸುಪಾಸು. ಐಪಿಎಲ್ ಪಂದ್ಯವಿದ್ದರೆ, ಹೊಸ ವರ್ಷದ ಹಿಂದಿನ ರಾತ್ರಿಯಾದರೆ ಹೆಚ್ಚು ಹೊತ್ತು ಓಡುತ್ತೆ. ಅಂದಮೇಲೆ ಓಡಿಸಲು ಆಗಲ್ಲ ಅನ್ನುವಂತಿಲ್ಲ.

ಗೋಡೆ ಊರಿನದ್ದೇ ಇದೆ

ಹಾಗಾದರೆ ಏನು ಕೇಳಬೇಕು? ಮೂರು ಬೇಡಿಕೆ ಸಾಕು.

ಒಂದು, ಲೈಸೆನ್ಸನ್ನು ಬಿಡಿಸಿ. ಬೆಂಕಿ ಸುರಕ್ಷತೆ ಅಗ್ನಿಶಾಮಕ ಇಲಾಖೆಯ ಕೆಲಸ, ಸದ್ದನ್ನು ಡೆಸಿಬೆಲ್ ಮೀಟರ್ ಅಳೆಯುತ್ತೆ. ಎರಡೂ ಸರಿ ಇದ್ದ ಮೇಲೆ ಜನ ಕೂತಿದ್ದಾರೋ ಕುಣೀತಿದ್ದಾರೋ ಎಂಬುದು ಪೊಲೀಸರ ವಿಷಯ ಆಗಬಾರದು. ಐವತ್ತು ಜನ ಹಿಡಿಯುವ ಹಾಲ್‌ಗೆ ಐನೂರು ಜನರ ಪಬ್ಬಿನ ಷರತ್ತು ಹಾಕುವುದೂ ನಿಲ್ಲಬೇಕು.

ಎರಡು, ಶನಿವಾರ ರಾತ್ರಿ ಮೆಟ್ರೊ ಮತ್ತು ಬಿಎಂಟಿಸಿ ತಡವಾಗಿ ಓಡಲಿ. ಇದು ಪಬ್‌ಗೆ ಹೋಗುವವರಿಗಷ್ಟೇ ಅಲ್ಲ, ಪಬ್‌ನಲ್ಲಿ ತಟ್ಟೆ ತೊಳೆದು ನಡುರಾತ್ರಿ ಹೊರಬರುವವರಿಗೂ ಬೇಕು. ಬಾರಿನಲ್ಲೇ ಮಲಗುವ ಅನಿವಾರ್ಯತೆ ತಪ್ಪಿಸುವುದು ಬೆಂಕಿ ಸುರಕ್ಷತೆಯ ಮಾತೂ ಹೌದು.

ಮೂರನೆಯದು ಎಲ್ಲಕ್ಕಿಂತ ಸುಲಭ. ಶಬ್ದ ನಿಯಮದ ವಿನಾಯಿತಿಯನ್ನು ಇನ್ನೊಮ್ಮೆ ಓದಿ. ಮುಚ್ಚಿದ ಸಭಾಂಗಣ, ಸಮುದಾಯ ಭವನಗಳ ಒಳಗೆ ಹತ್ತು ಗಂಟೆಯ ನಿಷೇಧ ಅನ್ವಯಿಸಲ್ಲ. ಈಗ ಐದು ಪಾಲಿಕೆಗಳಾಗಿರುವ ಬೆಂಗಳೂರಿನ ವಾರ್ಡುಗಳಲ್ಲಿ ಸಾರ್ವಜನಿಕ ಹಣದಿಂದ ಕಟ್ಟಿದ ಸಮುದಾಯ ಭವನಗಳಿವೆ. ನಗರ್ತಪೇಟೆಯಿಂದ ನಡೆದೇ ಹೋಗಬಹುದಾದ ಪುಟ್ಟಣ್ಣಚೆಟ್ಟಿ ಪುರಭವನ ಇದೆ. ತಿಂಗಳಿಗೊಂದು ಶನಿವಾರ, ಸಿನಿಮಾ ಟಿಕೆಟಿಗಿಂತ ಕಡಿಮೆ ಪ್ರವೇಶದರದಲ್ಲಿ, ಮದ್ಯ ಇಲ್ಲದೆ, ಹೆಣ್ಣುಮಕ್ಕಳಿಗೆ ಹೋಗಿಬರುವ ಬಸ್ಸಿನ ಸಮೇತ, ಒಂದು ನೆಲ ತೆರೆಯಲಿ. ಗಾರ್ಮೆಂಟ್ಸ್ ಹುಡುಗಿ, ಚಿನ್ನದ ಕೆಲಸದ ಹುಡುಗ, ಡೆಲಿವರಿ ಮಾಡುವವರು, ಐಟಿಯವರು ಒಂದೇ ಸಾಲಿನಲ್ಲಿ ನಿಂತು ಒಳಗೆ ಹೋಗಲಿ. ಯಾವ ಹಾಡು ಅನ್ನುವ ಜಗಳ ಅಲ್ಲೇ ಆಗಲಿ, ಆ ಜಗಳವೂ ಚೆನ್ನಾಗಿರುತ್ತೆ.

ಗೋಡೆ ಇಲ್ಲದವರಿಗೆ ಕುಣಿತ ಇಲ್ಲ ಎನ್ನುವುದು ಇವತ್ತಿನ ನಿಯಮ. ಆ ನಿಯಮದ ಒಳಗೇ ದಾರಿಯಿದೆ, ಯಾಕೆಂದರೆ ಊರಿಗೂ ಗೋಡೆಗಳಿವೆ. ಪಾಲಿಕೆ ಚುನಾವಣೆಗೆ ನಿಮ್ಮ ಬೀದಿಗೆ ಮತ ಕೇಳಲು ಬರುವವರಿಗೆ ರಸ್ತೆ ಗುಂಡಿ, ಕಸದ ಜೊತೆಗೆ ಇದನ್ನೂ ಕೇಳಿ: ನಮ್ಮ ವಾರ್ಡಿನ ಸಮುದಾಯ ಭವನದ ಬೀಗದ ಕೈ ಯಾರ ಹತ್ತಿರ ಇದೆ, ಶನಿವಾರ ರಾತ್ರಿ ಅದನ್ನು ಯಾರಿಗೆ ಕೊಡ್ತೀರಿ?